ಬಿಸ್ಕತ್ತು ಡಬ್ಬಿಯ ಚೀಟಿಗಳು

ಟೆರಿಲಿನ್‌ಗೆ ಫೋನ್ ಎತ್ತಿ ಗೋಡೆಗೆ ಬಿಸಾಕೋಣ ಅನ್ನಿಸ್ತು. ಯೂಟಾ ರಾಜ್ಯದ ಕ್ಯಾನ್ಸರ್ ಲೆಕ್ಕದ ಆಫೀಸಲ್ಲಿ ಅವಳ ಕೆಲಸ, ಯಾವ ಕೌಂಟಿಲಿ, ಅಂದ್ರೆ ಜಿಲ್ಲೆಲಿ, ಎಷ್ಟು ಜನಕ್ಕೆ ಚರ್ಮದ ಕ್ಯಾನ್ಸರ್ ಬಂತು ಅಂತ ಬರೆದಿಡೋದು. ಅವಳು ಹುಟ್ಟಿ ಬೆಳೆದ ಸೇಜ್‌ವೆಲ್ ಕೌಂಟಿ ಮುಂದೆ ಮಾತ್ರ ಸೊನ್ನೆ. ಸೊನ್ನೆ! ಇಡೀ ದಿನ ಬಿಸಿಲಲ್ಲಿ ನಿಂತು ಸುಟ್ಟ ಬದನೆಕಾಯಿ ಥರ ಆಗಿರೋ ಜನ! ಶುಕ್ರವಾರದೊಳಗೆ ಈ ಸೊನ್ನೆ ಅಳಿಸದಿದ್ರೆ ಪುಕ್ಕಟೆ ತಪಾಸಣೆ ವ್ಯಾನು ಆ ಕಡೆ ತಲೆನೂ ಹಾಕಲ್ಲ. ವ್ಯಾನು ಹೋಗದಿದ್ರೆ ಅವಳ ತಮ್ಮ ಕೋಲ್ಟನ್ ಕತ್ತಿನ ಮೇಲಿರೋ ಕಪ್ಪು ಮಚ್ಚೆನ ಯಾರಿಗೂ ತೋರಿಸಲ್ಲ. ನಿನ್ನೆನೂ ಫೋನಲ್ಲಿ ಅದೇ ರಾಗ: "ಹುಲ್ಲು ಕೊಯ್ಲು ಮುಗೀಲಿ ಅಕ್ಕ." ಮೂರು ವರ್ಷದಿಂದ ಆ ಕೊಯ್ಲು ಮುಗಿದೇ ಇಲ್ಲ.

"ವರ್ಲನ್ ಡಾಕ್ಟ್ರೇ, ಕ್ಯಾನ್ಸರ್ ಲ್ಯಾಬ್ ಚೀಟಿ ಕಳಿಸಿ ಅಂತ ಆರು ಸಲ ಹೇಳಿದೀನಿ!" ಫೋನಿನ ಆ ಕಡೆ ಇದ್ದದ್ದು ಸೇಜ್‌ವೆಲ್‌ಗೆಲ್ಲ ಇರೋ ಒಬ್ಬರೇ ಡಾಕ್ಟ್ರು.

"ಇಲ್ಲಿ ಎಲ್ಲರಿಗೂ ಬರುತ್ತೆ ಕಣಮ್ಮ. ಕತ್ತರಿಸ್ತೀನಿ, ಹೊಲೀತೀನಿ, ಮನೆಗೆ ಕಳಿಸ್ತೀನಿ. ನೆಗಡಿ ಲೆಕ್ಕ ಯಾರಾದ್ರೂ ಬರೀತಾರಾ?"

"ಇದು ನೆಗಡಿನಾ ಡಾಕ್ಟ್ರೇ?"

"ಬೇಕಿದ್ರೆ ಬಂದು ಎತ್ಕೊಂಡು ಹೋಗು."

ಹೋದ್ಲು. ಮೂರು ಗಂಟೆ ಕಾರು ಓಡಿಸ್ಕೊಂಡು, ದಾರಿಯುದ್ದಕ್ಕೂ ಬೈಕೊಂಡು. ಡಾಕ್ಟ್ರು ಒಂದು ದೊಡ್ಡ ಬಿಸ್ಕತ್ತು ಡಬ್ಬಿನ ಮುಂದೆ ತಳ್ಳಿದ್ರು. ಅವರ ಎಡಗಿವಿಗೆ ಬ್ಯಾಂಡೇಜು.

"ಕಿವಿಗೇನಾಯ್ತು?"

"ಆ ಚೀಟಿನೂ ಅದರಲ್ಲೇ ಇದೆ, ಹುಡುಕ್ಕೋ."

ಹಲ್ಲು ಕಚ್ಕೊಂಡು ಅಲ್ಲೇ ಕೂತು ಲ್ಯಾಪ್‌ಟಾಪಲ್ಲಿ ಒಂದೊಂದಾಗಿ ಲೆಕ್ಕಕ್ಕೆ ಸೇರಿಸಿದ್ಲು. ಹತ್ತು, ಹನ್ನೆರಡು, ಹದಿನೆಂಟು. ಹತ್ತೊಂಬತ್ತನೇ ಚೀಟಿಲಿ ಕೋಲ್ಟನ್ ಹೆಸರು! ಮಾರ್ಚ್ ತಿಂಗಳು. ಕತ್ತು. ಪೂರ್ತಿ ತೆಗೆದಾಗಿದೆ.

ಉಸಿರು ಬಿಟ್ಲು. ಮರುಕ್ಷಣ ರಕ್ತ ಕುದೀತು. ಕಳ್ಳ! ಅವಳು ಇವನ ಚಿಂತೆಲಿ ನಿದ್ದೆಗೆಟ್ಟಿದ್ದೇ ಬಂತು! ಆದ್ರೆ ಬೈಯೋ ಹಾಗೂ ಇಲ್ಲ. ಚೀಟಿಲಿ ಕಂಡ ಹೆಸರು ಯಾರ ಮುಂದೆನೂ ಎತ್ತಲ್ಲ ಅಂತ ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿದ್ಲು. ತಮ್ಮನ ಮುಂದೆನೂ ಎತ್ತೋ ಹಾಗಿಲ್ಲ. ಅವನ ಚೀಟಿನೂ ಸೇರಿಸಿದ್ಲು. ಒಟ್ಟು ಮೂವತ್ನಾಲ್ಕು, ಡಾಕ್ಟ್ರ ಕಿವಿ ಸೇರಿ.

ವಾಪಸ್ ಬರೋವಾಗ ತಮ್ಮನ ಹೊಲದ ಹತ್ರ ಕಾರು ನಿಲ್ಸಿದ್ಲು. ಆ ಸುಡು ಬಿಸಿಲಲ್ಲೂ ಕತ್ತಿಗೆ ಕರ್ಚೀಫು ಸುತ್ಕೊಂಡು ಬರಿದಲೆಲಿ ಟ್ರಾಕ್ಟರ್ ಮೇಲಿದ್ದ.

"ನಿಮ್ಮ ವ್ಯಾನು ಬರ್ಲಿ ಅಕ್ಕ, ಮೊದಲ ಸಾಲಲ್ಲಿ ನಾನೇ!"

"ಬರುತ್ತೆ ಬರುತ್ತೆ." ಬಾಯಿಗೆ ಬಂದ ಉಳಿದ ಮಾತೆಲ್ಲ ನುಂಗಿ, ಕಾರಿಂದ ತನ್ನ ಅಗಲ ಅಂಚಿನ ಹೂವಿನ ಟೋಪಿ ತಂದು ಅವನ ತಲೆಗೆ ಒತ್ತಿದ್ಲು.

"ಅಯ್ಯೋ, ಇದು ಹೆಂಗಸರದ್ದು! ಊರು ನಗುತ್ತೆ!"

"ನಗ್ಲಿ. ತೆಗೆದ್ರೆ ಕೈ ಮುರೀತೀನಿ."