ಅಂಗೈಯಗಲದ ಪುಟ

"ಚಿತ್ರ ಬಹಳ ಚೆನ್ನಾಗಿದೆ ಕಣಮ್ಮಾ," ಎಂದಳು ಸ್ಟೆಫಾ, ಮೂರನೆಯ ಸಲ. "ಆ ಸರೋವರ, ಆ ಬಂಡೆ... ನೋಡ್ತಾನೇ ಇರ್ಬೇಕು ಅನ್ಸುತ್ತೆ."

"ಚಿತ್ರ ಇರ್ಲಿ ಅಮ್ಮಾ. ಈಗ ವ್ಯಾನ್ ಕರೀರಿ, ನೋಡೋಣ," ಎಂದಳು ತೂಲಾ.

ಸ್ಟೆಫಾ ಸರೋವರದ ಮೇಲೆ ಒತ್ತಿದಳು, ಬಂಡೆಯ ಮೇಲೆ ಒತ್ತಿದಳು, ಕೊನೆಗೆ ಫೋನನ್ನು ಹಿಡಿದು ಅಲ್ಲಾಡಿಸಿದಳು. ಶುಕ್ರವಾರ ಬೆಳಿಗ್ಗೆ ಡಯಾಲಿಸಿಸ್ ಕೇಂದ್ರದ ಕಾಯುವ ಕೋಣೆಯಲ್ಲಿ ಎಂಟು ಜನರಿದ್ದರು. ಪ್ರಯೋಗಕ್ಕೆಂದು ಹದಿನೈದು ದಿನದ ಹಿಂದೆಯೇ ಅವರೆಲ್ಲರ ಫೋನಿಗೂ, ಮನೆಯಿಂದ ಕೇಂದ್ರಕ್ಕೆ ಕರೆತಂದು ಬಿಡುವ ವ್ಯಾನನ್ನು ಕರೆಯಲೆಂದು ತೂಲಾಳ ಕಂಪನಿ ಮಾಡಿದ ಆ್ಯಪ್ ಹಾಕಿಕೊಟ್ಟಾಗಿತ್ತು.

ತೂಲಾ ಫೋನನ್ನು ತೆಗೆದುಕೊಂಡಳು. ಮೊಮ್ಮಗಳು ಬಳಸಿ ಬಿಟ್ಟ, ಅಂಗೈಯಗಲದ ಹಳೆಯ ಫೋನು. ಸ್ಟೆಫಾಳ ಕಣ್ಣು ಮಂಜೆಂದು ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿಟ್ಟಿದ್ದರು. ಆ್ಯಪಿನ ಹೆಸರು ಉಬ್ಬಿ ಮೂರು ಸಾಲಾಗಿತ್ತು, ಅದರ ಕೆಳಗೆ ತೂಲಾ ಕೈಯಾರೆ ಬರೆದ ಸರೋವರ, ಅಲ್ಲಿಗೆ ಪರದೆ ಮುಗಿದಿತ್ತು. 'ವ್ಯಾನ್ ಕರೆಯಿರಿ' ಎಂಬ ಬಟನ್ ಪರದೆಯ ಅಂಚಿನಿಂದಾಚೆ ಹೋಗಿಬಿಟ್ಟಿತ್ತು. ಮೇಲಕ್ಕೆ ಸರಿಸೋಣವೆಂದರೆ ಪುಟ ಜಪ್ಪಯ್ಯ ಅನ್ನಲಿಲ್ಲ.

ಹಾಗೆ ಅಲ್ಲಾಡದಂತೆ ಬಿಗಿದವಳು ತೂಲಾಳೇ. ಇಪ್ಪತ್ತೆರಡು ವರ್ಷ ಊರಿನ ಪತ್ರಿಕೆಯಲ್ಲಿ ಪುಟ ಕಟ್ಟಿದವಳು. ಕಾಗದ ಮುಗಿದಲ್ಲಿ ಪುಟವೂ ಮುಗಿಯಬೇಕು, ಕೂದಲೆಳೆಯಷ್ಟು ಆಚೀಚೆ ಆದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಪತ್ರಿಕೆ ಮುಚ್ಚಿದ ಮೇಲೆ, ಐವತ್ತು ದಾಟಿ ಹೊಸ ವಿದ್ಯೆ ಕಲಿತು ಆ್ಯಪ್ ಕಂಪನಿ ಸೇರಿದರೂ ಕೈ ಮಾತ್ರ ಹಳೆಯದೇ. ಕಚೇರಿಯ ಮೂರು ಹೊಸ ಫೋನುಗಳಲ್ಲಿ ಪುಟ ಅಚ್ಚುಕಟ್ಟಾಗಿ ಕೂತಿತ್ತು. ಓದುವವರ ಕೈಗೆ ಹೋದ ಮೇಲೆ ಕಾಗದವೇ ಕುಗ್ಗೀತೆಂದು ಯಾವ ಪತ್ರಿಕೆಯವಳು ತಾನೇ ಎಣಿಸಿಯಾಳು!

"ಅಲ್ಲಮ್ಮಾ, ಅಭಿಪ್ರಾಯದ ಹಾಳೇಲಿ ಎಲ್ಲದಕ್ಕೂ 'ಚೆನ್ನಾಗಿದೆ' ಅಂತ ಗುರುತು ಹಾಕಿದ್ರಲ್ಲಾ?"

"ಮತ್ತೇನ್ ಹಾಕ್ಲಿ? ನೀವು ಅಷ್ಟು ಕಷ್ಟಪಟ್ಟು ಮಾಡಿದೀರಿ. ನಂಗೇ ಬುದ್ಧಿ ಸಾಲ್ದು ಅನ್ಕೊಂಡೆ."

"ಸೋಮವಾರದಿಂದ ಟೆಲಿಫೋನ್ ಮಾಡಿ ವ್ಯಾನ್ ಕರೆಯೋ ಹಾಗಿಲ್ಲ, ಇದೊಂದೇ ದಾರಿ. ವ್ಯಾನ್ ಬರ್ದಿದ್ರೆ ಏನ್ಮಾಡ್ತೀರಿ?"

"ಒಂದ್ಸಲ ಇಲ್ಲಿಗೆ ಬರೋದು ತಪ್ಪಿದ್ರೆ ಕಾಲು ಊದುತ್ತೆ. ಎರಡ್ಸಲ ತಪ್ಪಿದ್ರೆ..." ಸ್ಟೆಫಾ ಪಕ್ಕದಲ್ಲಿದ್ದ ಗೆಳತಿ ಲೆಂಪಿಯನ್ನು ತೋರಿಸಿದಳು. "ಕಿಟಕಿ ಪಕ್ಕದ ನನ್ನ ಕುರ್ಚಿ ಇವಳಿಗೆ ಸಿಗುತ್ತೆ."

"ಮೂರು ವರ್ಷದಿಂದ ಕಾಯ್ತಿದೀನಿ. ಸಾಯಲ್ಲ ಮುದುಕಿ!" ಎಂದಳು ಲೆಂಪಿ.

ಕೋಣೆಯೆಲ್ಲ ನಕ್ಕಿತು. ತೂಲಾಗೆ ಮಾತ್ರ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಉಳಿದವರ ಫೋನುಗಳನ್ನೂ ಒಂದೊಂದಾಗಿ ಕೇಳಿ ಪಡೆದು ನೋಡಿದಳು.

ಕಚೇರಿಯಲ್ಲಿ ಡೆರೆಕ್ ಆ್ಯಪ್ ಬಿಡುಗಡೆಯ ದಿನಕ್ಕೆ ಕೇಕ್ ತರಿಸಲು ಹೇಳುತ್ತಿದ್ದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನಾದರೂ ಕಂಪನಿಯ ಯಜಮಾನ ಅವನೇ.

"ಪುಟ ಪೂರ್ತಿ ಒಡೆದು ಕಟ್ಬೇಕು," ಎಂದಳು ತೂಲಾ, ಕೋಟು ಕೂಡ ಬಿಚ್ಚದೆ.

ಯಾಕೆಂದು ಕೇಳಿದ ಮೇಲೆ ಡೆರೆಕ್ ತಲೆ ಚಚ್ಚಿಕೊಂಡ. "ಸೋಮವಾರ ಬಿಡುಗಡೆ ಕಣೇ! ಅಂಥ ಪುಟ್ಟ ಫೋನ್ ಇಟ್ಕೊಂಡೋರು ಊರಲ್ಲಿ ನೂರಕ್ಕೆ ಮೂರು ಜನ ಇಲ್ಲ."

"ಊರೆಲ್ಲಾ ನಮ್ಮ ವ್ಯಾನ್ ಹತ್ತುತ್ತಾ? ಹತ್ತೋರನ್ನ ಎಣಿಸ್ಕೊಂಡು ಬಂದಿದೀನಿ. ಎಂಟು ಜನರಲ್ಲಿ ಐದು ಜನಕ್ಕೆ ಬಟನ್ನೇ ಕಾಣಲ್ಲ."

"ಸರಿ ಮಾರಾಯ್ತಿ, ಪುಟ ಮೇಲೆ ಕೆಳಗೆ ಸರಿಯೋ ಹಾಗೆ ಬಿಟ್ಬಿಡೋಣ. ಹತ್ತು ನಿಮಿಷದ ಕೆಲಸ."

"ಕೆಳಗೆ ಏನೋ ಇದೆ ಅಂತ ಗೊತ್ತಾದ್ರೆ ತಾನೇ ಸರಿಸೋದು? ಬಟನ್ ಮೊದಲು. ಜಾಗ ಮಿಕ್ಕಿದ್ರೆ ನಮ್ಮ ಹೆಸರು. ಇನ್ನೂ ಮಿಕ್ಕಿದ್ರೆ ಚಿತ್ರ."

"ಆ ಚಿತ್ರ ನೋಡೇ ನಮಗೆ ಈ ಕೆಲಸ ಸಿಕ್ಕಿದ್ದು!"

"ಬರೆದೋಳು ನಾನು. ತೆಗೆಯೋಳೂ ನಾನೇ."

ಹೇಳುವುದೇನೋ ಹೇಳಿದಳು, ಆದರೆ ಮೂರು ವಾರ ದಡದಲ್ಲಿ ಕೂತು ಬರೆದ ಚಿತ್ರ ಅದು. ಅದರ ಕೆಳಗೆ ತನ್ನ ಹೆಸರನ್ನೂ ಸಣ್ಣಗೆ ಹಾಕಿಕೊಂಡಿದ್ದಳು.

ಶನಿವಾರ ಅಕ್ಕಪಕ್ಕದವರಿಂದ ಬೇಡಿ ತಂದ ಹನ್ನೊಂದು ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎಲ್ಲದರಲ್ಲೂ ಅಕ್ಷರ ಅತಿ ದೊಡ್ಡದು ಮಾಡಿದಳು. ಚಿಕ್ಕದರಿಂದ ಶುರು ಮಾಡಿ ದೊಡ್ಡದಕ್ಕೆ ಬಂದಳು, ಇಷ್ಟು ದಿನ ಮಾಡಿದ್ದಕ್ಕೆ ತದ್ವಿರುದ್ಧ. ದೊಡ್ಡ ಪರದೆಯಲ್ಲಿ ಸರೋವರ ಉಳಿಯಿತು, ನಡುವಿನದರಲ್ಲಿ ಒಂದು ನೀಲಿ ಪಟ್ಟಿಯಷ್ಟಾಯಿತು, ಚಿಕ್ಕದರಲ್ಲಿ ಇಲ್ಲವೇ ಇಲ್ಲ. ಗೊಣಗುತ್ತಲೇ ಬಂದ ಡೆರೆಕ್ ಭಾನುವಾರ ಸಂಜೆಯವರೆಗೂ ಕೂತು ಕೋಡ್ ಬರೆದ. "ಅಂಗಡಿ ಬೋರ್ಡ್ ಇದ್ದ ಹಾಗಿದೆ," ಎಂದ. "ಇರ್ಲಿ," ಎಂದಳು ತೂಲಾ.

ಸೋಮವಾರ ಮುಂಜಾನೆ ಹೊಸ ಪುಟ ಎಲ್ಲರ ಫೋನಿಗೂ ಹೋಯಿತು. ಮಧ್ಯಾಹ್ನ ತೂಲಾ ಡಯಾಲಿಸಿಸ್ ಕೇಂದ್ರದ ಬಾಗಿಲ ಬಳಿ ನಿಂತಿದ್ದಳು. ಸ್ಟೆಫಾ ಲೆಂಪಿಯ ತೋಳು ಹಿಡಿದುಕೊಂಡು ಹೊರಗೆ ಬಂದಳು. ಇಸ್ಪೀಟಿನಲ್ಲಿ ಯಾರು ಮೋಸ ಮಾಡಿದರೆಂದು ಇಬ್ಬರಿಗೂ ಜೋರು ಜಗಳ. ತೂಲಾಳನ್ನು ಅವರು ನೋಡಲೇ ಇಲ್ಲ.

"ರಾಣಿ ಎಲೆ ನಿನ್ನ ತೊಡೆ ಕೆಳಗಿತ್ತು, ನನ್ನ ಕಣ್ಣಾರೆ ನೋಡ್ದೆ!" ಎನ್ನುತ್ತಲೇ ಸ್ಟೆಫಾ ಕೈಚೀಲದಿಂದ ಫೋನು ತೆಗೆದು, ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಮತ್ತೆ ಚೀಲಕ್ಕೆ ಹಾಕಿಕೊಂಡಳು. "ಬರೀ ರಾಣಿ ಅಲ್ಲ, ಗುಲಾಮನೂ ಇದ್ದ!"

ಒಂಬತ್ತು ನಿಮಿಷಕ್ಕೆ ವ್ಯಾನ್ ಬಂತು. ಇಬ್ಬರೂ ಜಗಳವಾಡುತ್ತಲೇ ಹತ್ತಿದರು.