ಕಂಪನಿಯನ್ನ ಕೇಳಿ ಹೇಳ್ತೀನಿ

ಬಾಡಿಗೆಗೆ ಕೊಟ್ಟ ನಾಲ್ಕು ಮನೆಗಳನ್ನೂ ನಾವು ಒಂದು ಲಿಮಿಟೆಡ್ ಕಂಪನಿಯ ಹೆಸರಿನಲ್ಲಿಟ್ಟಿದ್ದೇವೆ. ನಾವು ಅಂದರೆ ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ನಾಳೆ ಯಾರಾದರೂ ಕೇಸು ಹಾಕಿದರೂ ನಾವಿರುವ ಮನೆಗೆ ಕೈ ಹಾಕುವಂತಿರಬಾರದು ಎಂದು ವಕೀಲರು ಹೇಳಿದ್ದರು. ನಲ್ಲಿ ರಿಪೇರಿ, ಸುಣ್ಣಬಣ್ಣ, ಕರಾರುಪತ್ರ ಎಲ್ಲ ನನ್ನದೇ ಕೆಲಸ. ಆದರೆ ಬಾಡಿಗೆದಾರರಿಗೆ ನಾನು ಬರೀ ಮ್ಯಾನೇಜರ್. ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಲು ನನಗೆ ಬಾರದು. "ಕಂಪನಿಯನ್ನ ಕೇಳಿ ಹೇಳ್ತೀನಿ" ಎಂದು ಜಾರಿಕೊಳ್ಳುತ್ತೇನೆ. ಆ ಕಂಪನಿ ಮಾರನೆಯ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಿರುತ್ತದೆ.

ಎರಡನೇ ಮನೆಯಲ್ಲಿ ಟೀಚರಮ್ಮ ಒಬ್ಬರೇ ಇದ್ದಾರೆ, ನಿವೃತ್ತರು. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿಕೊಡು ಎಂದು ಮೂರು ಸಲ ಕೇಳಿದರು. ಹೊಸ ಟೈಲ್ಸಿಗೆ ತೂತು ಕೊರೆಯಲು ನನಗೆ ಮನಸ್ಸಿರಲಿಲ್ಲ. ಮೂರು ಸಲವೂ ಕಂಪನಿಯನ್ನು ಮುಂದೆ ಮಾಡಿದೆ.

"ಪಾಪ, ನೀನಾದ್ರೂ ಏನ್ ಮಾಡ್ತೀಯಪ್ಪ, ಮೇಲಿನೋರ ಮುಂದೆ ಕೈಕಟ್ಟಿ ನಿಲ್ಲೋನು" ಎಂದು ಅವರೇ ನನಗೆ ಸಮಾಧಾನ ಹೇಳಿದರು. ನಾನು ತಲೆ ತಗ್ಗಿಸಿ ಅದನ್ನೂ ತೆಗೆದುಕೊಂಡೆ.

ಹೋದ ವಾರ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಮೂರನೇ ದಿನ ಕಂಪನಿಯ ಹೆಸರಿಗೆ ಒಂದು ಕಾಗದ ಬಂತು. ಕಂಪನಿಯ ವಿಳಾಸವೂ ನಮ್ಮ ಮನೆಯದೇ. ಕೇಸೇ ಇರಬೇಕೆಂದುಕೊಂಡು ನಾನು ಅದನ್ನು ಮುಟ್ಟಲಿಲ್ಲ. ಹೆಂಡತಿ ಒಡೆದು ಓದಿದಳು. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರಗಳು.

"ಮಾಲೀಕರಿಗೆ ನಮಸ್ಕಾರ. ನಾನು ಬಿದ್ದೆನೆಂದು ನಿಮ್ಮ ಮ್ಯಾನೇಜರನನ್ನು ಕೆಲಸದಿಂದ ತೆಗೆಯಬೇಡಿ. ಕಂಬಿಗಾಗಿ ಅವನು ನಿಮ್ಮನ್ನು ಮೂರು ಸಲ ಕೇಳಿದ್ದಾನೆ. ಒಳ್ಳೆಯವನು."

ಹೆಂಡತಿ ಕಾಗದ ಮಡಿಚಿ ನನ್ನ ಕೈಗಿಟ್ಟಳು. "ನನ್ನನ್ನ ಒಂದು ಸಲಾನೂ ಕೇಳಲಿಲ್ವಲ್ಲ ನೀವು" ಎಂದಳು.

ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಅಂದೇ ಕಂಬಿ, ಡ್ರಿಲ್ ಹಿಡಿದು ಹೋದೆ. ಅರ್ಧ ಗಂಟೆಯ ಕೆಲಸ. ಒಂದು ಟೈಲೂ ಒಡೆಯಲಿಲ್ಲ.

"ಅಂತೂ ಕಂಪನಿಯೋರು ಒಪ್ಪಿದ್ರಾ?" ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಟೀಚರಮ್ಮ ಕೇಳಿದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಕಂಪನಿ ನಾನೇ, ಟೀಚರಮ್ಮ. ಮನೆ ನಮ್ಮದೇ. ನಾನು ಯಾರನ್ನೂ ಕೇಳಿರಲಿಲ್ಲ."

ಅವರು ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಡಗೈಯಲ್ಲಿ ಕಂಬಿ ಹಿಡಿದು, ಗಟ್ಟಿಯಾಗಿದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಹಾಗಾದ್ರೆ ನನ್ನ ಕಾಗದ ವಾಪಸ್ ಕೊಟ್ಬಿಡಿ."