ಮೂವತ್ತೊಂದನೆಯ ಹಾಳೆ

ನನ್ನ ಅತ್ತಿಗೆಯನ್ನು ನೆಲದಿಂದ ಒಂದಡಿ ಎತ್ತರದ ಕುರ್ಚಿಯ ಮೇಲೆ ತಿಂಗಳುಗಟ್ಟಲೆ ಕೂರಿಸಿದವಳು ನಾನು. ಹಳದಿ ಪ್ಲಾಸ್ಟಿಕ್ ಕುರ್ಚಿ, ಒರಗುವ ಕಡೆ ನಗುವ ಆನೆಯ ಚಿತ್ರ. ದೊಡ್ಡವರು ಕೂರುವ ಕುರ್ಚಿಗಳು ಪಕ್ಕದ ಕೋಣೆಯಲ್ಲಿ ಎರಡಿದ್ದವು. ಕೊಡಲಿಲ್ಲ. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ನಾಚಿಕೆಯಾಗುವುದು ಬೇರೆಯದಕ್ಕೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಅತ್ತಿಗೆಯದು ಹೆಸರು ಮಾಡಿದ ಥೆರಪಿ ಕೇಂದ್ರ. ಆಟಿಸಂ ಇರುವ ಮಕ್ಕಳಿಗೆ ಕೇಳಿ ಪಡೆಯುವುದು, ಉಣ್ಣುವುದು, ಉಡುವುದು, ಇನ್ನೊಬ್ಬರ ಜೊತೆ ಆಡುವುದು ಕಲಿಸುವ ಜಾಗ. ಅಲ್ಲಿ ನಾನು ಎಂಟು ವರ್ಷ ದುಡಿದೆ. ಮಕ್ಕಳ ಜೊತೆ ನೆಲದ ಮೇಲೆ ಕೂತವಳು ನಾನು, ಸಮ್ಮೇಳನಗಳಲ್ಲಿ ವೇದಿಕೆ ಹತ್ತಿದವರು ಅವರು. ಅದನ್ನೂ ನುಂಗಿಕೊಂಡಿದ್ದೆ. ಆದರೆ ಒಂದು ದಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ನಾಲ್ಕು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕೈಯಲ್ಲಿ ಸರ್ಕಾರಿ ವಿಮೆಯ ಕಾರ್ಡು ಹಿಡಿದು ಬಂದಳು. ಅತ್ತಿಗೆ ಆ ಕಾರ್ಡನ್ನು ಮುಟ್ಟಿ ಕೂಡ ನೋಡಲಿಲ್ಲ.

“ಇದೆಲ್ಲ ಇಲ್ಲಿ ನಡೆಯಲ್ಲಮ್ಮ. ಹೊರಗೆ ಬೋರ್ಡ್ ಇದೆ, ಓದಿಲ್ವಾ?”

ನಾನು ಅಲ್ಲೇ ಇದ್ದೆ. ಅಂದು ಪೋಷಕರ ಸಭೆ, ಹಾಲಿನ ತುಂಬ ಜನ. “ಬೋರ್ಡ್ ಓದೋಕೆ ಬಂದಿಲ್ಲ ಅತ್ತಿಗೆ, ಮಗು ಕರ್ಕೊಂಡು ಬಂದಿದಾರೆ” ಅಂದೆ. ಅತ್ತಿಗೆ ನಕ್ಕರು. ಮರುದಿನ ನನ್ನ ಕಪಾಟಿನಲ್ಲಿದ್ದ ಗೊಂಬೆ, ಚಪ್ಪಲಿ, ನೀರಿನ ಬಾಟಲಿ ಎಲ್ಲ ಒಂದು ಕೈಚೀಲದಲ್ಲಿ ಮನೆಗೆ ಬಂದವು. ತಂದುಕೊಟ್ಟವನು ಅಣ್ಣ. ಅವನು ಬಾಗಿಲಲ್ಲೇ ನಿಂತು ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಾ, “ಸ್ವಲ್ಪ ದಿನ ತಣ್ಣಗಾಗ್ಲಿ ಪುಟ್ಟಿ” ಅಂದ. ತಣ್ಣಗಾಗಬೇಕಾದದ್ದು ಯಾರು ಅಂತ ಹೇಳಲಿಲ್ಲ. ಅಣ್ಣ ಹುಟ್ಟಿನಿಂದ ಹಾಗೆಯೇ, ಮಾತಿಗೆ ಕರ್ತೃ ಇಡುವವನಲ್ಲ.

ನಾನು ತಣ್ಣಗಾಗಲಿಲ್ಲ. ಮುಚ್ಚಿಹೋಗಿದ್ದ ಕನ್ನಡಕದ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದೆ. ಬಾಗಿಲ ಮೇಲೆ ‘ಸರ್ಕಾರಿ ವಿಮೆ ಕಾರ್ಡ್ ನಡೆಯುತ್ತದೆ’ ಎಂದು ನಾನೇ ಬರೆದೆ, ಅದೂ ಅತ್ತಿಗೆಯ ಬೋರ್ಡಿಗಿಂತ ಒಂದು ಗೇಣು ದೊಡ್ಡ ಅಕ್ಷರದಲ್ಲಿ. ಅಂಗಡಿಯ ಗೋಡೆ ತುಂಬ ಕನ್ನಡಿಗಳಿದ್ದವು. ಒಂದೊಂದನ್ನೇ ಕಿತ್ತು, ಅಂಟಿನ ಕಲೆ ಉಜ್ಜಿ, ಬಣ್ಣ ಹೊಡೆದೆ. ಒಂದು ಕನ್ನಡಿ ಮಾತ್ರ ಗೋಡೆಯನ್ನೇ ಕಿತ್ತುಕೊಂಡು ಬರುವ ಹಾಗಿತ್ತು, ಅದನ್ನು ಬಿಟ್ಟೆ. ಬಾಗಿಲ ಅಗಲ, ಶೌಚಾಲಯದ ಹಿಡಿಕೆ, ತುರ್ತಿಗೆ ಹೊರಹೋಗಲು ಎರಡನೆಯ ದಾರಿ, ಚೂಪು ಮೂಲೆಗಳಿಗೆ ರಬ್ಬರು, ಎಲ್ಲ ನಿಯಮದಂತೆ ಮಾಡಿಸಿದೆ.

ಪರವಾನಗಿ ಕಚೇರಿಯಿಂದ ಬಂದ ಅಧಿಕಾರಿಣಿ ಸೊಂಟಕ್ಕೆ ಅಳತೆ ಟೇಪು ಸಿಕ್ಕಿಸಿಕೊಂಡೇ ಓಡಾಡುವವರು. ಅವರಿಗೆ ನಾನಿಟ್ಟ ಹೆಸರು ಟೇಪ್ ಮೇಡಂ. ಅವರು ಕಿಟಕಿ ಅಳೆದರು, ಕಮೋಡಿನ ಎತ್ತರ ಅಳೆದರು, ಕನ್ನಡಿಯ ಮುಂದೆ ನಿಂತರು.

“ಇದು ಯಾಕಿದೆ?”

“ಮಕ್ಕಳು ತಮ್ಮ ತುಟಿ ನೋಡ್ಕೊಂಡು ಶಬ್ದ ಕಲೀತಾರೆ ಮೇಡಂ.”

ಸುಳ್ಳೇನಲ್ಲ, ಆದರೆ ಆ ಕ್ಷಣಕ್ಕೆ ಹೊಳೆದ ನಿಜ. ಅವರು ತಲೆಯಾಡಿಸಿ ಬರೆದುಕೊಂಡರು. “ಜಾಗ ಸರಿಯಾಗಿದೆ. ಇನ್ನು ನಿಮ್ಮ ನೂರು ಗಂಟೆ ದೃಢೀಕರಣ ಒಂದು ಬೇಕು.”

ಆ ನೂರು ಗಂಟೆ ಏನೆಂದರೆ, ಸ್ವಂತ ಕೇಂದ್ರ ತೆರೆಯುವವರು ಕೆಲಸ ಮಾಡುವಾಗ ಹಿರಿಯರೊಬ್ಬರು ನೂರು ಗಂಟೆ ಅದೇ ಕೋಣೆಯಲ್ಲಿ ಕೂತು ನೋಡಿರಬೇಕು. ಪ್ರತಿ ಸಲಕ್ಕೂ ಒಂದು ಹಾಳೆ. ಕೆಳಗೆ ‘ನೋಡಿದವರು’ ಎಂದು ಹಿರಿಯರ ಸಹಿ, ‘ಓದಿ ಒಪ್ಪಿದವರು’ ಎಂದು ಕೆಲಸ ಮಾಡಿದವರದು. ನನ್ನ ಹಿರಿಯರು ಅತ್ತಿಗೆ. ಎಂಟು ವರ್ಷದಲ್ಲಿ ಅವರು ನನ್ನ ಕೋಣೆಗೆ ಕಾಲಿಟ್ಟದ್ದು ಎರಡು ಸಲ, ಎರಡೂ ಸಲ ಚಾರ್ಜರ್ ಹುಡುಕಿಕೊಂಡು. ಹಾಳೆಗಳಿಗೆ ಮಾತ್ರ ಪ್ರತಿ ಶನಿವಾರ ಚಹಾ ಕುಡಿಯುತ್ತಾ ಕಟ್ಟುಗಟ್ಟಲೆ ಸಹಿ ಬೀಳುತ್ತಿತ್ತು. ನಾನೂ ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತಿದ್ದೆ. ಎಲ್ಲ ಕಡೆ ಹೀಗೇ ನಡೆಯುವುದು ಅಂದುಕೊಂಡಿದ್ದೆ.

ದೃಢೀಕರಣ ಕೇಳಲು ಅಣ್ಣನ ಮನೆಗೆ ಹೋದೆ. ಅತ್ತಿಗೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು.

“ನಾನು ನಿನ್ನ ರೂಮಲ್ಲಿ ಒಂದು ಗಂಟೆನೂ ಕೂತಿಲ್ವಲ್ಲ. ಹೇಗೆ ಬರ್ಕೊಡ್ಲಿ ಹೇಳು? ನನ್ನ ಆತ್ಮಸಾಕ್ಷಿ ಒಪ್ಪಬೇಕಲ್ಲ.”

“ಹಾಗಂತ ಬರ್ಕೊಡಿ.”

“ಏನಂತ?”

“ಕೂತಿಲ್ಲ ಅಂತ.”

ಬರೆದುಕೊಟ್ಟರು. ಕೇಂದ್ರದ ಹೆಸರಿರುವ ಕಾಗದದ ಮೇಲೆ, ಮೊಹರು ಒತ್ತಿ, ‘ಇವರ ಕೆಲಸವನ್ನು ನಾನು ಒಂದು ಗಂಟೆಯೂ ನೋಡಿಲ್ಲ’ ಎಂದು. ನನ್ನ ಕಾಲು ಮುರಿದೆನೆಂಬ ಖುಷಿಯಲ್ಲಿ ಅವರಿಗೆ ಒಂದು ವಿಷಯ ಮರೆತೇಹೋಗಿತ್ತು. ನೋಡಿದ್ದೇನೆ ಎಂದು ಅವರೇ ಸಹಿ ಮಾಡಿದ ಹಾಳೆಗಳು ಎಂಟು ವರ್ಷದಿಂದ ಪರವಾನಗಿ ಕಚೇರಿಯ ಕಪಾಟಿನಲ್ಲಿ ಕೂತಿದ್ದವು. ಆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ ನನಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು.

ಟೇಪ್ ಮೇಡಂ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ನಾನು ಫೈಲಿಗೆ ಹಾಕಿದ್ರೆ ಅವರ ಲೈಸೆನ್ಸ್ ಹೋಗುತ್ತೆ.”

“ಹಾಕಿ ಮೇಡಂ.”

“ನಿಮ್ಮ ಗಂಟೆಗಳೂ ಹೋಗುತ್ತೆ. ನೋಡೇ ಇಲ್ಲ ಅಂದ್ಮೇಲೆ ಅವು ಗಂಟೆ ಹೇಗಾಗುತ್ತೆ? ಬೇರೆಯವರ ಕೈಕೆಳಗೆ ಮತ್ತೆ ಮೊದಲಿಂದ. ಒಪ್ಪೋ ಹಿರಿಯರು ಸಿಕ್ಕಿ ಎಲ್ಲ ಮುಗಿಯೋಕೆ ಮೂರು ವರ್ಷ ಅಂತಿಟ್ಕೊಳ್ಳಿ.” ಅವರು ನಿಯಮಗಳ ಪುಸ್ತಕ ತೆರೆದು ಒಂದು ಪುಟಕ್ಕೆ ಬೆರಳಿಟ್ಟರು. “ಇನ್ನೊಂದು ದಾರಿ ಇದೆ. ತಪ್ಪು ಮಾಡಿದ ಹಿರಿಯರೇ ಆರು ತಿಂಗಳೊಳಗೆ ಬಾಕಿ ಗಂಟೆಗಳನ್ನ ಕೂತು ನೋಡಿ ತುಂಬಿಸಬಹುದು. ಅವರಿಗೆ ಎಚ್ಚರಿಕೆ ಪತ್ರ ಹೋಗುತ್ತೆ, ಅಷ್ಟೇ. ನಿಮಗೆ ಒಂದು ಮಗು ನೋಡೋಕೆ ತಾತ್ಕಾಲಿಕ ಅನುಮತಿ ಕೊಡ್ತೀವಿ. ಆದ್ರೆ ನೆನಪಿರ್ಲಿ, ಸಲಕ್ಕೆರಡು ಗಂಟೆ ಅಂತ ಐವತ್ತು ಹಾಳೆ, ಅದರಲ್ಲಿ ಒಂದು ಕೆಟ್ಟದಾಗಿ ಬಂದ್ರೂ ನೀವು ಸಮಿತಿ ಮುಂದೆ ನಿಲ್ಲಬೇಕು. ಅಲ್ಲಿಂದ ಬರಿಗೈಲಿ ವಾಪಸ್ ಹೋದೋರನ್ನ ನೋಡಿದೀನಿ.”

ಅತ್ತಿಗೆಯ ಬಾಗಿಲಿಗೆ ಬೀಗ ಬೀಳುವುದನ್ನು ನೋಡಲು ನಾನು ಮೂರು ವರ್ಷವಲ್ಲ, ಆರು ವರ್ಷ ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ತಿರುಗಿದ್ದು ದೊಡ್ಡ ಗುಣದಿಂದಲ್ಲ. ಇಸ್ತ್ರಿ ಮಾಡುವ ಆ ತಾಯಿ ವಾರಕ್ಕೆರಡು ಸಲ ಬಂದು ಬಾಗಿಲ ಬೋರ್ಡನ್ನೇ ನೋಡಿಕೊಂಡು ಹೋಗುತ್ತಿದ್ದಳು, ಅದೂ ಒಂದು ಕಾರಣ. ಆದರೆ ಮುಖ್ಯ ಕಾರಣ, ವೇದಿಕೆಯ ಮೇಲಿನ ಆ ಬೆನ್ನು ಪುಟ್ಟ ಕುರ್ಚಿಯಲ್ಲಿ ಬಾಗಿ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಬೀಗ ಒಂದೇ ದಿನದ ಸುಖ. ಇದು ಐವತ್ತು ದಿನದ್ದು.

ಅಣ್ಣನಿಗೆ ಫೋನು ಮಾಡಿ ಎರಡೂ ದಾರಿ ವಿವರಿಸಿದೆ. ಅವನು ಫೋನು ಪಕ್ಕಕ್ಕಿಟ್ಟು ಅತ್ತಿಗೆಗೆ ಹೇಳಿ ಬಂದು, “ಯಾವಾಗಿಂದ ಬರಬೇಕು?” ಅಂದ.

ಅನುಮತಿ ಸಿಕ್ಕ ಆ ಒಂದು ಮಗು ಇಸ್ತ್ರಿಯ ತಾಯಿಯ ಮಗಳು, ಅವಳಿಗೆ ನಾನಿಟ್ಟ ಅಡ್ಡಹೆಸರು ಚಮಚಮ್ಮ. ಬಲಗೈಯಲ್ಲಿ ಸದಾ ಒಂದು ಸ್ಟೀಲು ಚಮಚ. ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಮಾತಿಲ್ಲ, ಬೇಕಾದದ್ದನ್ನು ತೋರಿಸುವುದೂ ಇಲ್ಲ, ಬಾಯಾರಿದರೆ ಗೋಡೆಗೆ ತಲೆ ಚಚ್ಚುತ್ತಿದ್ದಳು. ನೀರು, ಹಣ್ಣು, ಸಾಕು, ಹೀಗೆ ಮೂರು ಚಿತ್ರಗಳನ್ನು ಅವಳ ಮುಂದಿಟ್ಟು, ಬೇಕಾದದ್ದನ್ನು ಎತ್ತಿ ಕೊಡುವುದು ಕಲಿಸಬೇಕು. ಎಡಗೈ ಅವಳಿಗೆ ಕೈಯೇ ಅಲ್ಲ ಎಂಬಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಹಾಗಾಗಿ ಅವಳೇ ಮನಸ್ಸು ಮಾಡಿ ಚಮಚ ಕೆಳಗಿಡಬೇಕು. ಕಿತ್ತುಕೊಂಡರೆ ಚಮಚದ ಜೊತೆ ಅವಳ ನಂಬಿಕೆಯೂ ಹೋಗುತ್ತದೆ. ಆದ್ದರಿಂದ ಕಾಯುವುದೇ ಕೆಲಸ.

ಮೊದಲ ದಿನ ಅತ್ತಿಗೆ ರೇಷ್ಮೆಯುಟ್ಟು ಬಂದರು. ಹಳದಿ ಕುರ್ಚಿಯನ್ನು ನೋಡಿ, ನನ್ನನ್ನು ನೋಡಿದರು.

“ಇದರಲ್ಲಾ?”

“ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕಂತೆ ಅತ್ತಿಗೆ. ಮೊಬೈಲ್ ಇಲ್ಲಿ ಡಬ್ಬದಲ್ಲಿ ಹಾಕಿ. ಐದೈದು ನಿಮಿಷಕ್ಕೆ ಕಂಡಿದ್ದನ್ನ ಹಾಳೆಲಿ ಬರೀಬೇಕು. ಇನ್ನೊಂದು ನಿಯಮ ಇದೆ, ಓದ್ತೀನಿ ಕೇಳಿ. ನೋಡುವವರು ಅವಧಿ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ.”

ಕೊನೆಯದನ್ನು ಎರಡು ಸಲ ಓದಿದೆ. ಸಿಟ್ಟಿನಲ್ಲೂ ಬಹುವಚನ ಬಿಡದ ಮನೆತನ ನಮ್ಮದು, ಅದರ ರುಚಿಯೇ ಬೇರೆ.

ಮೊದಲ ಹಾಳೆಯಲ್ಲಿ ಅತ್ತಿಗೆ ಬರೆದದ್ದು ‘ಮಗು ಕೂತಿದೆ’ ಎಂದು ಇಪ್ಪತ್ತನಾಲ್ಕು ಸಲ. ಇಪ್ಪತ್ತು ವರ್ಷದಿಂದ ಕೇಂದ್ರ ನಡೆಸುವವರಿಗೆ ಮಗುವನ್ನು ನೋಡಲು ಬರುವುದಿಲ್ಲ ಎಂಬುದು ಅವರದೇ ಅಕ್ಷರದಲ್ಲಿ ನನ್ನ ಕೈಗೆ ಸಿಕ್ಕಿತ್ತು. ಅದನ್ನು ಮನೆಗೆ ಒಯ್ದು ಮತ್ತೆ ಮತ್ತೆ ಓದಿದೆ. ಎರಡನೆಯ ವಾರದಿಂದ ರೇಷ್ಮೆ ಹೋಗಿ ಹತ್ತಿ ಸೀರೆ ಬಂತು. ಮೂರನೆಯ ವಾರ ಮಂಡಿಗೆ ಪಟ್ಟಿ ಬಂತು. ಇಸ್ತ್ರಿಯ ತಾಯಿ ದಿನವೂ ನಾಲ್ಕಕ್ಕೆ ಮಗುವನ್ನು ಬಿಟ್ಟು ಆರಕ್ಕೆ ಬಂದು ಕರೆದೊಯ್ಯುವಳು. ಅತ್ತಿಗೆಯ ಗುರುತು ಅವಳಿಗೆ ಮೊದಲ ದಿನವೇ ಹತ್ತಿತು. ಅಂದಿನಿಂದ ಆ ಕಡೆ ಮುಖ ಹಾಕಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನು ಮಾತ್ರ ಕೇಳುವಳು, “ಇವತ್ತೇನಾದ್ರೂ ಮಾಡಿದ್ಲಾ ಮೇಡಂ?” ನಾನು “ಮಾಡ್ತಾಳೆ” ಅನ್ನುವೆ.

ಕನ್ನಡಿಯ ವಿಷಯ ಈಗ ಹೇಳಬೇಕು. ಅತ್ತಿಗೆಯ ಕುರ್ಚಿಯನ್ನು ನಾನು ಎಲ್ಲಿಟ್ಟಿದ್ದೆನೆಂದರೆ, ಮಗುವಿನ ಎದುರು ಕೂತ ನನಗೆ ಸ್ವಲ್ಪ ಕಣ್ಣೆತ್ತಿದರೆ ಸಾಕು, ಕನ್ನಡಿಯಲ್ಲಿ ಅವರು ಪೂರ್ತಿ ಕಾಣಿಸುತ್ತಿದ್ದರು. ಮೊದಮೊದಲು ಗಂಟೆಗೆ ಒಂದೆರಡು ಸಲ ನೋಡುತ್ತಿದ್ದೆ. ಆಮೇಲಾಮೇಲೆ ಚಟವಾಯಿತು. ಅವರು ಸೊಂಟ ಹಿಡಿದುಕೊಂಡರೆ ನನ್ನ ನೋವು ಕಡಿಮೆಯಾಗುತ್ತಿತ್ತು. ಆಕಳಿಕೆ ತಡೆದರೆ ನನಗೆ ಹಬ್ಬ.

ಮೂವತ್ತೊಂದನೆಯ ದಿನ ಅತ್ತಿಗೆಯ ಕಾಲು ಮರಗಟ್ಟಿತು. ಮುಖ ಕಿವಿಚಿಕೊಂಡು, ಸದ್ದು ಮಾಡದೆ, ಎರಡೂ ಕೈಯಿಂದ ಮೀನಖಂಡ ಒತ್ತಿಕೊಳ್ಳುತ್ತಿದ್ದರು. ಒಮ್ಮೆ ತಲೆಯೆತ್ತಿ ಮಗುವಿನ ಕಡೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು. ನೋವಿಗೆ ಅಂದುಕೊಂಡೆ. ಒಳಗೊಳಗೇ ನಕ್ಕೆ ಕೂಡ.

ಆರಕ್ಕೆ ಐದು ನಿಮಿಷವಿರುವಾಗ ಅವರು ಸಹಿ ಹಾಕಿ ಹಾಳೆ ನನ್ನ ಮುಂದಿಟ್ಟರು. ಇತ್ತೀಚೆಗೆ ಅವರ ಹಾಳೆಗಳು ತುಂಬತೊಡಗಿದ್ದವು. ನಾನು ಅದನ್ನು ಗಮನಿಸಿಯೂ ಗಮನಿಸದಂತೆ ಇದ್ದೆ. ಮಾಮೂಲಿನಂತೆ ಮೇಲಿಂದ ಕಣ್ಣಾಡಿಸುತ್ತಾ ಬಂದವಳು ಒಂದು ಕಡೆ ನಿಂತುಬಿಟ್ಟೆ.

‘ನಾಲ್ಕು ಐವತ್ತು. ಮಗು ಚಮಚವನ್ನು ತಾನಾಗಿ ಚಾಪೆಯ ಮೇಲೆ ಇಟ್ಟಿತು. ಬಲಗೈಯಿಂದ ನೀರಿನ ಚಿತ್ರ ಎತ್ತಿ ಥೆರಪಿಸ್ಟ್ ಕಡೆ ಚಾಚಿತು. ಥೆರಪಿಸ್ಟ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರು. ಮಗು ಎಂಟು ಎಣಿಸುವಷ್ಟು ಹೊತ್ತು ಕೈ ಚಾಚಿಕೊಂಡೇ ಇತ್ತು. ಆಮೇಲೆ ಚಿತ್ರ ಕೆಳಗಿಟ್ಟು ಚಮಚ ತೆಗೆದುಕೊಂಡಿತು.’

ಸುಳ್ಳು ಎಂದು ಕೂಗಬೇಕೆನ್ನಿಸಿತು. ಚಾಪೆಯತ್ತ ನೋಡಿದೆ. ಮೂರು ಚಿತ್ರಗಳನ್ನು ಸಾಲಾಗಿ ಇಟ್ಟವಳು ನಾನೇ. ನೀರಿನದು ಮಾತ್ರ ಸಾಲು ಬಿಟ್ಟು, ತಲೆಕೆಳಗಾಗಿ, ನನ್ನ ಮಂಡಿಗೆ ತಾಗಿಕೊಂಡು ಬಿದ್ದಿತ್ತು.

“ನೀವು ಹೇಳಬಹುದಿತ್ತಲ್ಲ” ಅಂದೆ.

“ಬಾಯಿ ಬಿಡೋ ಹಾಗಿಲ್ಲ ಅಂತ ಎರಡು ಸಲ ಓದಿದ್ದೆ ನೀನು.”

ಈ ಹಾಳೆ ಕಚೇರಿಗೆ ಹೋದರೆ ನಾನು ಸಮಿತಿಯ ಮುಂದೆ. ಬಾಗಿಲ ಬೋರ್ಡು, ಉಜ್ಜಿದ ಗೋಡೆ, ಕಾರ್ಡು ಹಿಡಿದು ಹೆಸರು ಬರೆಸಿಹೋದ ಹದಿನೇಳು ತಾಯಂದಿರು, ಎಲ್ಲ ಆ ನಾಲ್ಕು ಸಾಲಿನ ಕೆಳಗೆ. ನನ್ನ ಕಣ್ಣು ಮೇಜಿನ ಡ್ರಾಯರ್ ಕಡೆ ಹೋಯಿತು. ಖಾಲಿ ಹಾಳೆಗಳಿದ್ದದ್ದು ಅಲ್ಲಿ.

ಅತ್ತಿಗೆಯ ಕಣ್ಣಿನಿಂದ ಈಗ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತಾ, ತೀರಾ ಸಹಜವಾಗಿ ಹೇಳಿದರು.

“ಬೇಕಿದ್ರೆ ಬೇರೆ ಹಾಳೆ ತೆಗಿ. ಮಗು ಕೂತಿದೆ ಅಂತ ಬರ್ದು ಸಹಿ ಹಾಕ್ತೀನಿ. ಎಂಟು ವರ್ಷ ಹಾಕಿಲ್ವಾ?”

ಅದು ಕರುಣೆಯೋ, ನನ್ನ ಮೇಲೆ ತೀರಿಸಿಕೊಂಡ ಸೇಡೋ, ಇಂದಿಗೂ ನನಗೆ ತಿಳಿಯದು. ಬೇರೆ ಹಾಳೆ ತೆಗೆದಿದ್ದರೆ ಅವರಿಗೂ ನನಗೂ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ, ಮತ್ತು ಅದು ಅವರಿಗೆ ಗೊತ್ತಿತ್ತು. ಚಮಚಮ್ಮ ಕನ್ನಡಿಯ ಕೆಳಗೆ ಕೂತು ಚಮಚದಿಂದ ಚಾಪೆಯ ಅಂಚು ಕುಟ್ಟುತ್ತಿದ್ದಳು. ನಾನು ಎದ್ದು ಲೋಟದಲ್ಲಿ ನೀರು ತಂದು ಅವಳ ಮುಂದೆ ಹಿಡಿದೆ. ಒಂದು ಗಂಟೆ ತಡವಾಗಿತ್ತು. ಗಟಗಟನೆ ಕುಡಿದಳು.

ಬಾಗಿಲಲ್ಲಿ ಇಸ್ತ್ರಿಯ ತಾಯಿ ಬಂದು ನಿಂತಿದ್ದಳು. ಸೀರೆಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು.

“ಇವತ್ತೇನಾದ್ರೂ ಮಾಡಿದ್ಲಾ ಮೇಡಂ?”

“ಮಾಡಿದ್ಲು” ಅಂದೆ. “ಚಮಚ ಕೆಳಗಿಟ್ಟು ನೀರು ಕೇಳಿದ್ಲು.”

ಅವಳ ಕೈ ಬಾಯಿಗೆ ಹೋಯಿತು. “ಹೇಗೆ ಕೇಳಿದ್ಲು?”

“ನನಗೆ ಗೊತ್ತಿಲ್ಲಮ್ಮ. ನಾನು ನೋಡಲಿಲ್ಲ. ಬೇರೆ ಕಡೆ ನೋಡ್ತಿದ್ದೆ.” ಹಳದಿ ಕುರ್ಚಿಯ ಕಡೆ ಕೈ ತೋರಿಸಿದೆ. “ಅವರು ನೋಡಿದಾರೆ. ಅವರನ್ನ ಕೇಳಿ.”

ಮೂವತ್ತೊಂದು ದಿನ ಆ ಕಡೆ ತಿರುಗದ ತಾಯಿ ಅಂದು ತಿರುಗಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತಿಗೆಯ ಮುಂದೆ ನೆಲದ ಮೇಲೆ ಕೂತಳು. ಅತ್ತಿಗೆ ಕುರ್ಚಿಯಿಂದ ಕಷ್ಟಪಟ್ಟು ಜಾರಿ ತಾವೂ ಚಾಪೆಯ ಮೇಲೆ ಕೂತರು. ನೀರಿನ ಚಿತ್ರವನ್ನು ಎತ್ತಿಕೊಂಡು, ಮಗು ಚಾಚಿದ ಹಾಗೆಯೇ ಬಲಗೈ ಚಾಚಿ ತೋರಿಸಿದರು. ಎಂಟು ಎಣಿಸುವವರೆಗೆ ಕೈ ಹಾಗೆಯೇ ಹಿಡಿದಿದ್ದರು.

ನಾನು ಹಾಳೆಯನ್ನು ಮೇಜಿನ ಮೇಲಿಟ್ಟು, ‘ಓದಿ ಒಪ್ಪಿದವರು’ ಎಂದಿರುವಲ್ಲಿ ಸಹಿ ಹಾಕಿದೆ.